ನಾಣ್ಯ ಚಿಮ್ಮಿದ ಸಂಜೆ

ದೊಡ್ಡಬಳ್ಳಾಪುರದಲ್ಲಿ ಒಮ್ಮೆ ನಮ್ಮ ಹುಡುಗಿಯರ ಕಬಡ್ಡಿ ಸಮಸಮವಾಯಿತು. ಬಸ್ಸಿಗೆ ಹೊತ್ತಾಗುತ್ತಿತ್ತು, ನಾನೇ ನಾಣ್ಯ ಚಿಮ್ಮಿ ಗೆದ್ದವರ ಹೆಸರು ಹೇಳಿಬಿಟ್ಟೆ. "ಇನ್ನೊಂದ್ಸಲ ಆಡಿಸ್ಬೋದಿತ್ತಲ್ವಾ ಮಿಸ್?" ಎಂದವಳನ್ನು ಗದರಿಸಿ ಕೂರಿಸಿದೆ.

ನಾಣ್ಯಕ್ಕೆ ಪಕ್ಷಪಾತವಿಲ್ಲ, ನಿಜ. ಪಕ್ಷಪಾತವಿಲ್ಲದ್ದೆಲ್ಲ ನ್ಯಾಯವೇ?

ಅಮೆರಿಕದ ಫುಟ್‌ಬಾಲಿನಲ್ಲಿ 2022ರ ಜನವರಿಯಲ್ಲಿ ಬಫಲೋ ತಂಡ ಟಾಸ್ ಸೋತು, ಹೆಚ್ಚುವರಿ ಆಟದಲ್ಲಿ ಚೆಂಡು ಹಿಡಿದು ಮುನ್ನುಗ್ಗುವ ಸರದಿಯೇ ಬಾರದೆ ಸೋತಿತು. ಆಮೇಲೆ, ನಾಕೌಟ್ ಪಂದ್ಯಗಳಲ್ಲಿ ಇಬ್ಬರಿಗೂ ಸರದಿಯೆಂದು ನಿಯಮ ತಿದ್ದಿದರು. ಕ್ರಿಕೆಟ್ಟಿನವರು 2019ರ ವಿಶ್ವಕಪ್ ಫೈನಲ್ಲಿನಲ್ಲಿ ಬೌಂಡರಿ ಎಣಿಸಿದ್ದರು, ಎಂಥ ಲೆಕ್ಕವೋ! ಅದನ್ನೂ ಕೈಬಿಟ್ಟರು. 2024ರ ಜನವರಿ 17ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ, ಆಫ್ಘಾನಿಸ್ತಾನ ಎರಡೂ 212. ಸೂಪರ್ ಓವರಿನಲ್ಲೂ 16-16. ಇನ್ನೊಂದು ಸೂಪರ್ ಓವರ್ ಆಡಿಸಿದರು. ಭಾರತ ಗೆದ್ದಿತು.

ಆ ಹುಡುಗಿ ಕೇಳಿದ್ದೂ ಅಷ್ಟನ್ನೇ. ನಮ್ಮ ಬಸ್ಸು ಆ ಸಂಜೆ ಬಂದದ್ದು ಮುಕ್ಕಾಲು ಗಂಟೆ ತಡವಾಗಿ.