ಸೇರದ ಊಟ, ಅದರದೇ ಊರಿನಲ್ಲಿ

ಬದನೆಕಾಯಿ ಮುಟ್ಟದವರು ಹತ್ತು ಮನೆಗೆ ಒಬ್ಬರಾದರೂ ಸಿಗುತ್ತಾರೆ. ಯಾಕೆ ಎಂದು ಕೇಳಿದರೆ ಲೋಳೆ, ಕಹಿ, ಬಾಯಿ ತುರಿಸುತ್ತದೆ, ಹೆಚ್ಚಿಟ್ಟರೆ ಕಪ್ಪಾಗುತ್ತದೆ ಎಂದು ದೂರಿನ ಪಟ್ಟಿಯೇ ಬರುತ್ತದೆ. ಇಂಥವರು ಉಡುಪಿಗೆ ಹೋದಾಗ ಎಲೆಯ ಮೇಲೆ ಗುಳ್ಳದ ಹುಳಿ ಬಂದರೆ, ವಿಜಯಪುರದ ಖಾನಾವಳಿಯಲ್ಲಿ ಜೋಳದ ರೊಟ್ಟಿಯ ಪಕ್ಕ ಎಣ್ಣೆಗಾಯಿ ಕೂತರೆ ಏನು ಮಾಡಬೇಕು? ‘ನಂಗೆ ಬದನೆಕಾಯಿ ಸೇರಲ್ಲ’ ಎಂದು ಕೈ ಅಡ್ಡ ಹಿಡಿಯಬೇಕೇ, ಒಂದು ತುತ್ತು ನೋಡಬೇಕೇ? ನೋಡಬೇಕು ಎಂಬುದು ನನ್ನ ಪಕ್ಷ. ಆದರೆ ಇದಕ್ಕೆ ಸಾಮಾನ್ಯವಾಗಿ ಕೊಡುವ ಎರಡು ಕಾರಣಗಳ ಮೇಲೆ ನನಗೆ ಹೆಚ್ಚು ಭರವಸೆಯಿಲ್ಲ. ಬಡಿಸಿದವರ ಮನಸ್ಸು ನೋಯಿಸಬಾರದು ಎಂಬುದು ಒಂದು. ಅದು ಸೌಜನ್ಯ, ಸರಿ. ದುಡ್ಡು ಕೊಟ್ಟು ಉಣ್ಣುವ ಖಾನಾವಳಿಯಲ್ಲಿ ಅದರ ಒತ್ತಾಯ ಅಷ್ಟಕ್ಕಷ್ಟೇ. ಊರು ಸುತ್ತುವವರು ಎಲ್ಲವನ್ನೂ ಅನುಭವಿಸಿಬಿಡಬೇಕು ಎಂಬುದು ಇನ್ನೊಂದು. ಇದು ಟೂರ್ ಪ್ಯಾಕೇಜು ಮಾರುವವರ ಮಾತು. ನನ್ನ ಕಾರಣ ಇವೆರಡಕ್ಕಿಂತ ಒಣದಾದದ್ದು: ಸೇರುವುದಿಲ್ಲ ಎಂಬ ನಮ್ಮ ತೀರ್ಪು ಎಷ್ಟು ಸಾಕ್ಷ್ಯದ ಮೇಲೆ ನಿಂತಿದೆ ಎಂಬ ಲೆಕ್ಕ ಅದು.

ಹಾಗೆನ್ನುವವರು ನಿಜಕ್ಕೂ ತಿಂದಿರುವುದು ಎಷ್ಟು ಬಗೆಯ ಬದನೆ? ಮನೆಯಲ್ಲಿ ವಾರಕ್ಕೊಮ್ಮೆ ಆಗುತ್ತಿದ್ದ ಪಲ್ಯ, ಹಾಸ್ಟೆಲಿನ ತಿಳಿಸಾರಿನಲ್ಲಿ ತೇಲುತ್ತಿದ್ದ ಹೋಳು, ಯಾವುದೋ ಮದುವೆಯ ವಾಂಗಿಬಾತು. ಮೂರೂ ಬಹುಶಃ ಒಂದೇ ಬಗೆಯ ಸಂತೆಕಾಯಿ, ಲಾರಿಯಲ್ಲಿ ದೂರ ಬಂದರೂ ನಜ್ಜುಗುಜ್ಜಾಗದ ಗಟ್ಟಿ ಸಿಪ್ಪೆಯದು. ಇಷ್ಟರಿಂದ ಹೊರಟ ತೀರ್ಪು ಮಾತ್ರ ಲೋಕದ ಬದನೆಗಳಿಗೆಲ್ಲ ಅನ್ವಯಿಸಿಬಿಡುತ್ತದೆ. ಇಂಥ ‘ಎಲ್ಲ’ದ ಮಾತಿಗೆ ತರ್ಕದಲ್ಲಿ ಒಂದು ದೌರ್ಬಲ್ಯವಿದೆ. ನೂರು ಕೆಟ್ಟ ಕಾಯಿ ಸೇರಿದರೂ ಅದನ್ನು ಪೂರ್ತಿ ಸಾಧಿಸಲಾರವು, ಕೆಡವಲು ಒಂದು ಒಳ್ಳೆಯ ಕಾಯಿ ಸಾಕು. ಆ ಒಂದು ಅಪವಾದವನ್ನು ಹುಡುಕಬೇಕಾದದ್ದು ಎಲ್ಲಿ? ಮತ್ತದೇ ಅಂಗಡಿಯಲ್ಲಂತೂ ಅಲ್ಲ. ಆ ಪದಾರ್ಥವನ್ನು ತಲೆಮಾರುಗಳಿಂದ ಬೆಳೆದು, ತಿಂದು, ಅದರ ಬಗ್ಗೆ ಜಗಳವಾಡಿದ ಜನ ಇರುವ ಕಡೆ. ಒಂದು ಊರಿನ ವಿಶೇಷ ತಿನಿಸು ಎಂದರೆ ಆ ಪದಾರ್ಥದ ಪರವಾಗಿ ನಿಲ್ಲಬಲ್ಲ ಅತ್ಯಂತ ಗಟ್ಟಿ ಸಾಕ್ಷಿ. ಇದರಲ್ಲಿ ಒಲ್ಲದವರಿಗೂ ಲಾಭವಿದೆ. ಅಲ್ಲೂ ರುಚಿಸಲಿಲ್ಲವೆಂದರೆ ಅವರ ಮಾತಿಗೆ ಮೊದಲಿಲ್ಲದ ತೂಕ ಬರುತ್ತದೆ.

ಉಡುಪಿಗೆ ಸಮೀಪದ ಮಟ್ಟು ಗ್ರಾಮದ ಗುಳ್ಳವನ್ನೇ ತೆಗೆದುಕೊಳ್ಳಿ. ಗುಂಡಗೆ, ತಿಳಿಹಸಿರು, ಮೈಮೇಲೆ ಬೆಳ್ಳನೆಯ ಗೆರೆ, ತೊಟ್ಟಿನಲ್ಲಿ ಮುಳ್ಳು. ಸೋದೆ ಮಠದ ವಾದಿರಾಜರು ಇದರ ಬೀಜ ಕೊಟ್ಟರೆಂಬ ಪ್ರತೀತಿ ಇದೆ, 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಪ್ರತೀತಿಯನ್ನು ಪಕ್ಕಕ್ಕಿಟ್ಟರೂ, ಒಂದು ಊರಿನವರು ಇದೊಂದೇ ತಳಿಯ ಬೀಜವನ್ನು ವರ್ಷವರ್ಷವೂ ಎತ್ತಿಟ್ಟು ಕಾಪಾಡಿದರು ಎಂಬುದು ಉಳಿಯುತ್ತದೆ. ಸಿಪ್ಪೆ ತೆಳು, ಕಹಿ ಕಡಿಮೆ, ಬೆಂದ ತಿರುಳು ಹುಳಿಯಲ್ಲೇ ಕರಗಿ ಅದನ್ನು ಮಂದವಾಗಿಸುತ್ತದೆ. ದೂರಿನ ಪಟ್ಟಿಯಿಂದ ಕಹಿ ಇಲ್ಲಿಗೆ ಹೋಯಿತು. ಲೋಳೆಗೆ ಉತ್ತರ ಬೇಕಿದ್ದರೆ ಉತ್ತರ ಕರ್ನಾಟಕಕ್ಕೆ ಹೋಗಬೇಕು. ಅಲ್ಲಿ ಎಳೆಯ ಪುಟ್ಟ ಕಾಯಿಯನ್ನು ತೊಟ್ಟು ಕಳಚದಂತೆ ನಾಲ್ಕು ಸೀಳು ಮಾಡಿ, ಹುರಿದ ಶೇಂಗಾ, ಎಳ್ಳು ಇಲ್ಲವೇ ಗುರೆಳ್ಳು, ಒಣಕೊಬ್ಬರಿ, ಹುಣಸೆ, ಬೆಲ್ಲ, ಖಾರ ಕುಟ್ಟಿ ಒಳಗೆ ತುಂಬಿ, ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬಿಡುತ್ತಾರೆ. ಕಾಯಿಯ ನೀರು ಇಂಗಿ ಮಸಾಲೆ ಒಳಗಿಳಿಯುತ್ತದೆ, ಎಣ್ಣೆ ಅಂಚಿನಲ್ಲಿ ತೇಲುತ್ತದೆ. ಇಷ್ಟೊಂದು ಎಣ್ಣೆ ಯಾಕೆ ಎಂದು ಅನ್ನದ ಜೊತೆ ತಿಂದವರು ಕೇಳುತ್ತಾರೆ. ರೊಟ್ಟಿಯ ಹಿಟ್ಟಿನಲ್ಲಿ ಒಂದು ಹನಿ ಎಣ್ಣೆಯಿಲ್ಲ, ಅದನ್ನು ಗಂಟಲಲ್ಲಿ ಇಳಿಸಬೇಕಾದದ್ದು ಈ ಪಲ್ಯವೇ. ಜೊತೆಯಿಂದ ಬಿಡಿಸಿ ತಂದ ತಿನಿಸನ್ನು ರುಚಿ ನೋಡಿ ತೀರ್ಪು ಕೊಡುವುದು ಅರ್ಧ ಅರ್ಜಿ ಓದಿ ವಜಾ ಮಾಡಿದಂತೆ.

ಜೊತೆಗಿಂತಲೂ ಹೆಚ್ಚಾಗಿ ಕೈಬಿಟ್ಟುಹೋಗುವುದು ತಿನ್ನುವ ಕ್ರಮ. ರಾಗಿಮುದ್ದೆ ಎಂದರೆ ಮೂಗು ಮುರಿಯುವ ಹೊರಗಿನವರಲ್ಲಿ ಎಷ್ಟೋ ಜನ ಅದನ್ನು ಅಗಿದವರು. ಅಗಿದರೆ ಅದು ಹಲ್ಲಿಗೂ ಅಂಗುಳಕ್ಕೂ ಮೆತ್ತಿಕೊಳ್ಳುತ್ತದೆ, ರುಚಿ ಸಪ್ಪೆ, ತುತ್ತು ಮುಗಿಯುವುದೇ ಇಲ್ಲ. ಮಂಡ್ಯ, ಹಾಸನ, ತುಮಕೂರಿನವರು ಬಿಸಿಮುದ್ದೆಯ ಅಂಚಿನಿಂದ ಸಣ್ಣ ತುತ್ತು ಮುರಿದು, ಬೆರಳಲ್ಲೇ ಉಂಡೆ ಮಾಡಿ, ಬಸ್ಸಾರಿನಲ್ಲೋ ಉಪ್ಸಾರಿನಲ್ಲೋ ಹೊರಳಿಸಿ ನುಂಗುತ್ತಾರೆ. ನಾಲಿಗೆಗೆ ಸಿಗುವುದು ಸಾರಿನ ಖಾರ, ಹೊಟ್ಟೆಗೆ ಸಿಗುವುದು ರಾಗಿಯ ಭಾರ. ಈ ಕ್ರಮ ಗೊತ್ತಿಲ್ಲದವರು ಮುದ್ದೆಯ ಹಿಟ್ಟನ್ನು ತಿಂದಿದ್ದಾರೆ, ಮುದ್ದೆಯೂಟವನ್ನು ಮಾಡಿಲ್ಲ. ಇದೇ ತಪ್ಪಿನ ದೊಡ್ಡ ರೂಪ ಯೂಟ್ಯೂಬಿನಲ್ಲಿ ಸಿಗುತ್ತದೆ. ಉತ್ತರ ಸ್ವೀಡನ್ನಿನ ಸುರ್‌ಸ್ಟ್ರೋಮಿಂಗ್ ಎಂಬುದು ಹುಳಿ ಬರಿಸಿದ ಬಾಲ್ಟಿಕ್ ಹೆರಿಂಗ್ ಮೀನು. ಡಬ್ಬಿಯೊಳಗೂ ಹುಳಿಯುವುದು ನಿಲ್ಲದೆ ಡಬ್ಬಿ ಉಬ್ಬಿಕೊಳ್ಳುತ್ತದೆ. ಅಲ್ಲಿನವರು ಅದನ್ನು ಮನೆಯ ಹೊರಗೆ ತೆರೆದು, ಮೀನನ್ನು ಬಿಡಿಸಿ, ತೆಳುವಾದ ರೊಟ್ಟಿಯ ಮೇಲೆ ಬೇಯಿಸಿದ ಆಲೂಗಡ್ಡೆ, ಈರುಳ್ಳಿಯ ನಡುವೆ ಸ್ವಲ್ಪವೇ ಇಟ್ಟು ತಿನ್ನುತ್ತಾರೆ. ವಿಡಿಯೋ ಮಾಡುವವರು ಬಾಗಿಲು ಮುಚ್ಚಿದ ಕೋಣೆಯಲ್ಲಿ ಡಬ್ಬಿ ಒಡೆದು, ಮೀನನ್ನು ಹಾಗೇ ಬಾಯಿಗಿಟ್ಟು ವಾಂತಿ ಮಾಡಿಕೊಳ್ಳುತ್ತಾರೆ. ಉಪ್ಪಿನಕಾಯಿಯನ್ನು ಬಟ್ಟಲುಗಟ್ಟಲೆ ತಿಂದು ಕನ್ನಡಿಗರ ಊಟವೇ ಉಪ್ಪು ಎಂದವರನ್ನು ನಾವು ಏನೆನ್ನುತ್ತಿದ್ದೆವು?

ನಾಲಿಗೆಯೇ ಹುಟ್ಟಿನಿಂದ ಬೇರೆಯಾಗಿದ್ದರೆ ಊರು ಏನು ಮಾಡೀತು ಎಂಬ ಆಕ್ಷೇಪ ಹಗುರವಾದದ್ದಲ್ಲ. ಕೊತ್ತಂಬರಿ ಸೊಪ್ಪು ಕೆಲವರಿಗೆ ಸೋಪಿನಂತೆ ವಾಸನೆ ಹೊಡೆಯುತ್ತದೆ. ಸೊಪ್ಪಿನಲ್ಲಿರುವ ಆಲ್ಡಿಹೈಡ್‌ಗಳನ್ನು ಗ್ರಹಿಸುವ ಓಆರ್6ಎ2 ಎಂಬ ಜೀನಿಗೂ ಇದಕ್ಕೂ ಸಂಬಂಧವಿದೆ. ಇಂಥವರಿಗೆ ಅದು ಹಟವಲ್ಲ, ಮೂಗಿನ ಸತ್ಯ. ಆದರೆ ಕೆನಡಾದ ಯುವಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊತ್ತಂಬರಿ ಒಲ್ಲೆ ಎಂದವರು ಪೂರ್ವ ಏಷ್ಯಾ ಮೂಲದವರಲ್ಲಿ ಶೇ 21, ಯೂರೋಪ್ ಮೂಲದವರಲ್ಲಿ ಶೇ 17, ದಕ್ಷಿಣ ಏಷ್ಯಾ ಮೂಲದವರಲ್ಲಿ ಶೇ 7. ಈ ಅಂತರವನ್ನೆಲ್ಲ ಜೀನಿನ ತಲೆಗೆ ಕಟ್ಟುವುದು ಕಷ್ಟ. ದಿನಾ ಸಾರಿನ ಮೇಲೆ ಉದುರಿಸುವ ಮನೆಯಲ್ಲಿ ಬೆಳೆಯುವುದಕ್ಕೂ ಒಂದು ಪಾಲು ಇರಲೇಬೇಕು. ಹುಟ್ಟುಗುಣ ಒಂದು ಒಲವಿನ ಕಡೆ ತಳ್ಳುತ್ತದೆ, ಕೊನೆಯ ಮಾತು ಯಾವಾಗಲೂ ಅದರದ್ದಲ್ಲ. ಅಲರ್ಜಿಯ ಮಾತೇ ಬೇರೆ. ಶೇಂಗಾ ಮೈಗೆ ಆಗದವರ ಮುಂದೆ ಎಣ್ಣೆಗಾಯಿಯ ಹಿರಿಮೆ ಹಾಡುವುದು ಅಪಾಯ, ಅಲ್ಲಿ ವೈದ್ಯರ ಮಾತೇ ಅಂತಿಮ.

ಇನ್ನೊಂದು ಆಕ್ಷೇಪ ಹೆಚ್ಚು ಚುರುಕಾಗಿದೆ. ರಜೆ, ಹಸಿವು, ಹೊಸ ಊರಿನ ಗಾಳಿ, ಕಚೇರಿಯ ಕಾಟವಿಲ್ಲದ ಮನಸ್ಸು. ಇಂಥ ಹೊತ್ತಿನಲ್ಲಿ ಏನು ತಿಂದರೂ ರುಚಿಯೇ, ಹಾಗಾಗಿ ಪ್ರವಾಸದ ತುತ್ತಿನಿಂದ ಏನೂ ಸಿದ್ಧವಾಗುವುದಿಲ್ಲ ಎನ್ನುತ್ತಾರೆ. ಇರಬಹುದು. ಆದರೆ ಮೊದಲ ತೀರ್ಪು ಯಾವ ಸ್ಥಿತಿಯಲ್ಲಿ ಹುಟ್ಟಿತ್ತು? ‘ತಿನ್ನದೆ ಏಳಬೇಡ’ ಎಂಬ ಗದರಿಕೆಯ ಎದುರು ಕೂತ ಎಂಟು ವರ್ಷದ ಮಗುವಿನ ನಾಲಿಗೆ ನಿಷ್ಪಕ್ಷಪಾತವೇ? ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1757ರಲ್ಲಿ ಪ್ರಕಟಿಸಿದ ಅಭಿರುಚಿಯ ಮಾನದಂಡದ ಕುರಿತ ಪ್ರಬಂಧದಲ್ಲಿ ಒಳ್ಳೆಯ ತೀರ್ಪುಗಾರರಿಗೆ ಅಭ್ಯಾಸ, ಹೋಲಿಕೆ, ಪೂರ್ವಗ್ರಹದಿಂದ ಬಿಡುಗಡೆ ಬೇಕು ಎನ್ನುತ್ತಾನೆ. ಅಭ್ಯಾಸ ಒಂದು ಪ್ರವಾಸದಲ್ಲಿ ಬರುವಂಥದ್ದಲ್ಲ. ಹೋಲಿಕೆ ಬರುತ್ತದೆ: ಎದುರಿಗೆ ಎರಡನೆಯ ಬಗೆ ಬಂದಾಗಲೇ ಮೊದಲ ಬಗೆಯಲ್ಲಿ ಕೆಟ್ಟದ್ದು ಕಾಯಿಯೋ, ಅಡುಗೆಯೋ, ಅಂದಿನ ಹೊತ್ತೋ ಎಂದು ಬಿಡಿಸಿ ನೋಡಲು ಸಾಧ್ಯ. ಊರಿಗೆ ಮರಳಿದ ಮೇಲೆ ಮತ್ತೆ ಬದನೆ ರುಚಿಸದಿದ್ದರೂ ನಷ್ಟವಿಲ್ಲ. ‘ಸೇರಲ್ಲ’ ಎಂಬ ಒರಟು ಮಾತಿನ ಜಾಗದಲ್ಲಿ ‘ಇಲ್ಲಿಯ ಕಾಯಿ, ಹೀಗೆ ಮಾಡಿದರೆ ಸೇರಲ್ಲ’ ಎಂಬ ನಿಖರವಾದ ಮಾತು ಬಂದಿರುತ್ತದೆ.

ಈ ವಾದ ಕಾಲಿಡದ ಜಾಗಗಳೂ ಇವೆ. ಮಾಂಸ ತಿನ್ನೆನೆಂಬ ವ್ರತ ಹಿಡಿದವರು ರುಚಿಯ ತೀರ್ಪು ಕೊಡುತ್ತಿಲ್ಲ, ಅವರಿಗೆ ಸಾಕ್ಷ್ಯ ಬೇಕಾಗಿಯೂ ಇಲ್ಲ. ಹೇಸಿಗೆಯ ಸಂಗತಿ ಇದಕ್ಕಿಂತ ತೊಡಕು. ಆಹಾರದ ಮನಶ್ಶಾಸ್ತ್ರದಲ್ಲಿ ಬಹುಕಾಲ ಕೆಲಸ ಮಾಡಿದ ಪಾಲ್ ರೋಜಿನ್ ರುಚಿಸದಿರುವುದನ್ನೂ ಹೇಸುವುದನ್ನೂ ಬೇರೆ ಮಾಡಿ ತೋರಿಸಿದರು. ರುಚಿಸದಿರುವುದು ನಾಲಿಗೆಯ ಮಾತು. ಹೇಸಿಗೆ ಆ ವಸ್ತು ಏನು, ಎಲ್ಲಿಂದ ಬಂತು ಎಂಬ ತಿಳಿವಿನಿಂದಲೇ ಹುಟ್ಟುತ್ತದೆ, ತಿನ್ನುವ ಮೊದಲೇ ಮುಗಿದಿರುತ್ತದೆ. ಮಲೆನಾಡಿನ ಚಗಳಿ ಚಟ್ನಿಯನ್ನೋ, 2024ರಲ್ಲಿ ಭೌಗೋಳಿಕ ಸೂಚಕ ಪಡೆದ ಒಡಿಶಾದ ಮಯೂರ್‌ಭಂಜ್‌ನ ಕೆಂಪಿರುವೆ ಚಟ್ನಿಯನ್ನೋ ದೂರ ತಳ್ಳುವವರಿಗೆ ಅದರ ಹುಳಿ ಗೊತ್ತಿಲ್ಲ, ಇರುವೆ ಎಂಬುದು ಮಾತ್ರ ಗೊತ್ತು. ಅದನ್ನು ತಿನ್ನಲೇಬೇಕೆಂದು ನಾನು ಹೇಳಲಾರೆ, ಕ್ಯಾಮೆರಾ ಹಿಡಿದು ಧೈರ್ಯ ತೋರಿಸಲು ತಿನ್ನುವುದಂತೂ ಬೇಡವೇ ಬೇಡ. ಒಲ್ಲೆ ಎನ್ನಲಿ, ತಿನ್ನದೆಯೇ ರುಚಿಯಿಲ್ಲ ಎನ್ನದಿರಲಿ. ಕಷ್ಟವೆಂದರೆ ನಮ್ಮಲ್ಲಿ ಹೇಸಿಗೆ ಹಲವು ಸಲ ರುಚಿಯ ವೇಷ ಹಾಕಿಕೊಂಡು ಬರುತ್ತದೆ. ತಾಜಾ ಮೀನನ್ನು ಚಪ್ಪರಿಸುವ ಒಳನಾಡಿನವರೇ ಒಣಮೀನಿಗೆ ಮೂಗು ಮುಚ್ಚಿಕೊಳ್ಳುವುದುಂಟು. ಆ ವಾಸನೆಯ ಬಗೆಗಿನ ಅಸಹನೆಯಲ್ಲಿ ಅದನ್ನು ತಿನ್ನುವವರು ಯಾರು, ಎಷ್ಟು ಬಡವರು ಎಂಬ ಲೆಕ್ಕವೂ ಸೇರಿರುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಮಳೆಯಲ್ಲಿ ಕುಚ್ಚಲಕ್ಕಿ ಗಂಜಿಗೆ ನಂಜಿಕೊಳ್ಳಲು ಒಣಸಿಗಡಿ ಚಟ್ನಿ ಯಾಕೆ ಬೇಕಾಗುತ್ತದೆ ಎಂಬುದು ಬೇಸಿಗೆಯಲ್ಲಿ ಮೀನು ಮಾರುಕಟ್ಟೆಯ ಪಕ್ಕ ಹಾದುಹೋದವರಿಗೆ ಗೊತ್ತಾಗುವಂಥದ್ದಲ್ಲ.

ಇಷ್ಟು ಹೇಳಿದ ಮೇಲೆ ಪ್ರವಾಸಿಗಳ ಪಾಲಿನ ಕೆಲಸ ಸುಲಭವೆಂದು ತಿಳಿಯಬಾರದು. ಊರಿಗೆ ಹೋದ ಮಾತ್ರಕ್ಕೆ ಊರಿನ ತಿನಿಸು ಸಿಕ್ಕಿತೆಂದಲ್ಲ. ಹೆದ್ದಾರಿಯ ಹೋಟೆಲುಗಳು ಎಲ್ಲ ಕಡೆಯೂ ಒಂದೇ ಪನೀರು, ಒಂದೇ ಗೋಬಿ ಬಡಿಸುತ್ತವೆ. ‘ಲೋಕಲ್ ಸ್ಪೆಷಲ್’ ಎಂಬ ಬೋರ್ಡಿನಡಿ ಬರುವುದು ಹೊರಗಿನವರಿಗೆಂದು ಖಾರ, ಕಹಿ ಎರಡನ್ನೂ ತಗ್ಗಿಸಿದ ನಕಲು. ಗುಳ್ಳ ಭತ್ತದ ಕೊಯ್ಲಾದ ಮೇಲೆ ಅದೇ ಗದ್ದೆಗಳಲ್ಲಿ ಬರುವ ಬೆಳೆ. ಆಗಸ್ಟಿನಲ್ಲಿ ಉಡುಪಿಗೆ ಹೋದವರ ಎಲೆಗೆ ಬೀಳುವುದು ಬೇರೆ ಯಾವುದೋ ಬದನೆಯೇ ಇರಬಹುದು. ಅಂಥ ಹೊತ್ತಿನಲ್ಲಿ ಕಾಯಿ ಯಾವ ಊರಿನದು ಎಂದು ಬಡಿಸುವವರನ್ನೇ ಕೇಳಿ, ಮಟ್ಟುವಿನದಲ್ಲವೆಂದರೆ ಹುಳಿ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದರೂ ತಪ್ಪಿಲ್ಲ.