ಮಂಗಳವಾರದ ಊಟ

ದಯೆ ಮನುಷ್ಯನ ಸ್ವಭಾವದಲ್ಲಿರುತ್ತದೆಯೋ ಅಥವಾ ಅವನಿಗಿರುವ ಬಿಡುವಿನಲ್ಲೋ? 1973ರಲ್ಲಿ ಪ್ರಕಟವಾದ ಒಂದು ಪ್ರಯೋಗ ಈ ಪ್ರಶ್ನೆಯನ್ನು ಸ್ವಲ್ಪ ಕ್ರೂರವಾಗಿಯೇ ಕೇಳಿತು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು, ಪಾದ್ರಿಗಳಾಗಲು ಓದುತ್ತಿದ್ದ 40 ಮಂದಿಯನ್ನು ಒಬ್ಬೊಬ್ಬರನ್ನಾಗಿ ಪಕ್ಕದ ಕಟ್ಟಡಕ್ಕೆ ಭಾಷಣ ಮಾಡಲು ಕಳಿಸಿದರು. ಅವರಲ್ಲಿ ಹಲವರು ಮಾತಾಡಬೇಕಿದ್ದುದು ದಾರಿಯಲ್ಲಿ ಬಿದ್ದ ಗಾಯಾಳುವನ್ನು ಉಪಚರಿಸಿದ ಸಮಾರ್ಯದವನ ಬೈಬಲ್ ಕಥೆಯ ಬಗ್ಗೆ. ನಡುದಾರಿಯಲ್ಲಿ ಒಬ್ಬ ಕುಸಿದು ಕೆಮ್ಮುತ್ತ ನರಳುತ್ತಿದ್ದ. ಅವನನ್ನು ಅಲ್ಲಿ ಕೂರಿಸಿದ್ದವರು ಸಂಶೋಧಕರೇ. ಬಿಡುವಾಗಿ ಹೊರಟವರಲ್ಲಿ ಶೇ. 63 ಮಂದಿ ನೆರವಿಗೆ ನಿಂತರು. ‘ತಡವಾಯಿತು, ಬೇಗ ಹೋಗಿ’ ಎನ್ನಿಸಿಕೊಂಡವರಲ್ಲಿ ಶೇ. 10 ಮಾತ್ರ. ಬಾಯಲ್ಲಿದ್ದ ಕಥೆ ಕಾಲನ್ನು ನಿಲ್ಲಿಸಲಿಲ್ಲ.

ಮನುಷ್ಯ ಟೊಳ್ಳು ಎನ್ನಲು ಈ ಪ್ರಯೋಗವನ್ನು ಎತ್ತಿ ತೋರಿಸುವವರಿದ್ದಾರೆ. ನನಗೆ ಅಷ್ಟು ಅವಸರವಿಲ್ಲ. ಆ ಹುಡುಗರು ಕೆಟ್ಟವರೇನಲ್ಲ. ಆ ಕ್ಷಣದ ಮನಸ್ಸಿಗೆ ಮತ್ತು ಗಡಿಯಾರಕ್ಕೆ ಬಿಟ್ಟರೆ ದಯೆಯ ಗತಿ ಹೀಗೇ ಆಗುತ್ತದೆ, ಅಷ್ಟೇ.

ಇದು ಗೊತ್ತಿದ್ದೇ ನಮ್ಮಲ್ಲಿ ವಾರಾನ್ನ ಹುಟ್ಟಿತೇನೋ. ಹಳ್ಳಿಯಿಂದ ಓದಲು ಪಟ್ಟಣಕ್ಕೆ ಬಂದ ಬಡ ಹುಡುಗನಿಗೆ ಸೋಮವಾರ ಒಬ್ಬರ ಮನೆಯಲ್ಲಿ ಊಟ, ಮಂಗಳವಾರ ಇನ್ನೊಬ್ಬರ ಮನೆಯಲ್ಲಿ. ಏಳು ಮನೆ ಗೊತ್ತಾದರೆ ಓದಿಗೊಂದು ನೆಲೆಯಾದಂತೆ. ಆರೇ ಸಿಕ್ಕಿದರೆ ಉಳಿದೊಂದು ದಿನ ಅವನ ಪಾಡು ಅವನದು. ನನಗೆ ಇಲ್ಲಿ ಅನ್ನಕ್ಕಿಂತ ‘ವಾರ’ ಮುಖ್ಯವಾಗಿ ಕಾಣುತ್ತದೆ. ಮಂಗಳವಾರದ ಹುಡುಗ ಪ್ರತಿ ಮಂಗಳವಾರವೂ ಹೊಸದಾಗಿ ಬಡವನಂತೆ ಕಾಣಬೇಕಿರಲಿಲ್ಲ, ಹಸಿವನ್ನು ವಿವರಿಸಬೇಕಿರಲಿಲ್ಲ. ಆ ಮನೆಯಾಕೆಗೆ ಅಂದು ತಲೆನೋವಿದ್ದಿರಬಹುದು, ಬೆಳಗ್ಗೆಯೇ ಜಗಳವಾಗಿ ಯಾರ ಮುಖವೂ ಬೇಡವಾಗಿದ್ದಿರಬಹುದು. ಆದರೂ ಎಲೆ ಹಾಕಬೇಕಿತ್ತು, ಏಕೆಂದರೆ ಅದು ಮಂಗಳವಾರ.

ಕಾಂಟ್ 1785ರ ತನ್ನ ನೀತಿಶಾಸ್ತ್ರದ ಪುಸ್ತಕದಲ್ಲಿ ಇಂಥದ್ದೇ ಒಬ್ಬನನ್ನು ಕಲ್ಪಿಸುತ್ತಾನೆ. ಸ್ವಂತ ದುಃಖದಿಂದ ಮನಸ್ಸು ಮುಸುಕಿ, ಬೇರೆಯವರ ಕಷ್ಟಕ್ಕೆ ಒಳಗಿನಿಂದ ಏನೂ ಮಿಡಿಯದ ಸ್ಥಿತಿಯಲ್ಲೂ, ಕರ್ತವ್ಯವೆಂದು ನೆರವಾಗುವವನು. ಅವನ ಕೆಲಸಕ್ಕೇ ನಿಜವಾದ ನೈತಿಕ ಬೆಲೆ ಎಂಬುದು ಕಾಂಟ್‌ನ ವಾದ. ತರಗತಿಯಲ್ಲಿ ಇದನ್ನು ಓದಿದಾಗ ಒಣಮಾತು ಎಂದು ಗೊಣಗುವವರೇ ಹೆಚ್ಚು. ಆ ತಲೆನೋವಿನ ಗೃಹಿಣಿಯನ್ನು ಪಕ್ಕದಲ್ಲಿಟ್ಟು ಓದಿದರೆ ಅಷ್ಟು ಒಣಗಿದಂತೆ ಕಾಣುವುದಿಲ್ಲ. (ಊಟ ಹಾಕಿದ ಹೆಸರು ಮಾತ್ರ ಸಾಮಾನ್ಯವಾಗಿ ಮನೆಯ ಯಜಮಾನರದು.)

ಹಾಗೆಂದು ವಾರಾನ್ನಕ್ಕೆ ಆರತಿ ಎತ್ತಲಾರೆ. ಆ ಬಾಗಿಲು ಬಹುಪಾಲು ಸ್ವಜಾತಿಯ ಹುಡುಗರಿಗೆ ತೆರೆಯುತ್ತಿತ್ತು. ದಲಿತ ಹುಡುಗನಿಗೆ ಏಳು ಮನೆಯಿರಲಿ, ಒಂದು ಜಗಲಿಯೂ ಇರಲಿಲ್ಲ. ದಯೆ ತನಗೆ ಕಾಣುವವರನ್ನಷ್ಟೇ ಮುಟ್ಟುತ್ತದೆ. ಯಾರು ಕಾಣಬೇಕೆಂಬುದನ್ನು ಊರು ಮೊದಲೇ ತೀರ್ಮಾನಿಸಿರುತ್ತದೆ. ಆ ತೀರ್ಮಾನವನ್ನು ಮುರಿಯಲು ಹೊರಟು, 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದ ಕುದ್ಮುಲ್ ರಂಗರಾಯರು ತಮ್ಮದೇ ಸಮುದಾಯದ ಬಹಿಷ್ಕಾರಕ್ಕೆ ಗುರಿಯಾದರು. ಒಳ್ಳೆಯತನಕ್ಕೆ ಅಂಥ ಬೆಲೆ ತೆರಬೇಕಾದ ಕಡೆ, ‘ಸಣ್ಣಪುಟ್ಟ ಒಳ್ಳೆಯತನ ಸಾಕು’ ಎನ್ನುವ ಸಲಹೆ ನನಗೆ ಸ್ವಲ್ಪ ಸುಲಭದ್ದೆನಿಸುತ್ತದೆ.

ಆದ್ದರಿಂದಲೇ 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟ ಕೊಡಿ ಎಂದು ಆದೇಶಿಸಿದ್ದು ದೊಡ್ಡ ಸಂಗತಿ. ಮರುವರ್ಷ ನಮ್ಮಲ್ಲಿ ಬಿಸಿಯೂಟ ಶುರುವಾಯಿತು. ಅದಕ್ಕಿಟ್ಟ ‘ಅಕ್ಷರ ದಾಸೋಹ’ ಎಂಬ ಹೆಸರು ಶರಣರ ಮಾತಿನಿಂದ ಬಂದದ್ದು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಬಡಿಸುವವನೇ ದಾಸ. ಈಗ ಮಗುವಿಗೆ ವಾರದ ಮನೆ ಹುಡುಕುವ ಪಾಡಿಲ್ಲ. ಊಟ ಅದರ ಹಕ್ಕು, ಯಾರಿಗೂ ಋಣಿಯಾಗಬೇಕಿಲ್ಲ.

ಹಾಗಾದರೆ ದಯೆಗೆ ಇನ್ನೇನು ಕೆಲಸ? ಹಕ್ಕು ತಟ್ಟೆಗೆ ಅನ್ನ ತರುತ್ತದೆ. ಎರಡನೇ ಸಲ ಸಾರು ಕೇಳಲು ನಾಚುವ ಹುಡುಗಿಯನ್ನು ಅದು ಗುರುತಿಸಲಾರದು. ಸೋಮವಾರ ಯಾರು ಹೆಚ್ಚು ಉಣ್ಣುತ್ತಾರೆ, ಏಕೆ ಉಣ್ಣುತ್ತಾರೆ ಎಂಬುದು ಯಾವ ರಿಜಿಸ್ಟರಿನಲ್ಲೂ ಇಲ್ಲ. ಭಾನುವಾರ ಮನೆಯಲ್ಲಿ ಒಲೆ ಹೊತ್ತಿತ್ತೋ ಇಲ್ಲವೋ ಎಂಬುದು ಸೌಟು ಹಿಡಿದವಳಿಗೆ ತಿಳಿಯುತ್ತದೆ. ಕೇಳದೆ ಇನ್ನೊಂದು ಸೌಟು ಹಾಕಿ ಮುಂದಿನ ತಟ್ಟೆಗೆ ಹೋಗುವುದರಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆದಿರುವುದಿಲ್ಲ, ಆ ಹುಡುಗಿಯ ಮಧ್ಯಾಹ್ನದ ಗಣಿತವೊಂದನ್ನು ಬಿಟ್ಟು.

ಅಡುಗೆಯಾಕೆ ದಲಿತಳೆಂದು ಮಕ್ಕಳನ್ನು ಊಟಕ್ಕೆ ಬಿಡದ ಊರುಗಳ ಸುದ್ದಿಯನ್ನೂ ನಾವು ಓದಿದ್ದೇವೆ. ಅದೇ ಹಳೆಯ ಹೊಸ್ತಿಲು, ಈ ಸಲ ಶಾಲೆಯೊಳಗೆ. ಇನ್ನು ಅವಳ ಕೈಗೆ ಬರುವ ತಿಂಗಳ ಹಣಕ್ಕೆ ಸರ್ಕಾರ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತದೆ. ಅದು ಸಾಲದೆಂದು ಬಿಸಿಯೂಟದ ಹೆಣ್ಣುಮಕ್ಕಳು ಬೆಂಗಳೂರಿಗೆ ಬಂದು ಬೀದಿಯಲ್ಲಿ ಕೂತಾಗ, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ನಾವು ನೋಡುವುದು ಗಡಿಯಾರವನ್ನೇ.