ಅಂಗಳಕ್ಕೆ ಸುರಿಯುವ ನೀರು

ವಿದ್ಯಾರಣ್ಯಪುರದಲ್ಲಿ ಬೆಳಗಾದರೆ ಪೈಪು ಹಿಡಿದು ಅಂಗಳ, ಕಾರು ನಿಲ್ಲಿಸುವ ಜಾಗ ತೊಳೆಯುವವರನ್ನು ಕಾಣುತ್ತೀರಿ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಮೇಲೇರಿ ಈ ನಗರಕ್ಕೆ ಬರುತ್ತದೆ. 2024ರ ಮಾರ್ಚ್‌ನಲ್ಲಿ, ತಪಸ್ಸುಕಾಲದಲ್ಲೇ, ಕೊಳವೆಬಾವಿಗಳು ಬತ್ತಿದಾಗ ಕುಡಿಯುವ ನೀರಿನಿಂದ ವಾಹನ ತೊಳೆದರೆ 5000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ದಂಡಕ್ಕೆ ಹೆದರಿ ಸುತ್ತಿಟ್ಟ ಪೈಪು ಮಳೆ ಬಂದೊಡನೆ ಹೊರಬಂತು!

ದಾವೀದನನ್ನು ನೆನೆಯಿರಿ. ಬೆತ್ಲೆಹೇಮಿನ ಬಾವಿಯ ನೀರಿಗೆ ಅವನು ಹಂಬಲಿಸಿದಾಗ ಮೂವರು ವೀರರು ಪ್ರಾಣದ ಹಂಗು ತೊರೆದು, ಶತ್ರುಗಳ ಪಾಳೆಯವನ್ನು ಭೇದಿಸಿ ತಂದುಕೊಟ್ಟರು. ಅವನು ಕುಡಿಯಲಿಲ್ಲ; ದೇವರಿಗೆ ಅರ್ಪಿಸಿ ಸುರಿದುಬಿಟ್ಟ. ತಂದವರ ಕಷ್ಟ ಅವನಿಗೆ ಗೊತ್ತಿತ್ತು. ನಾವೂ ಸುರಿಯುತ್ತೇವೆ, ಯಾರನ್ನೂ ನೆನೆಯದೆ.

ನಿಮ್ಮ ಅಂಗಳ ತೊಳೆಯುವ ಮನೆಕೆಲಸದಾಕೆ ತನ್ನ ಮನೆಗೆ ಎಷ್ಟು ಕೊಡ ನೀರು ಹೊರುತ್ತಾಳೆ? ಕೇಳಿದ್ದೀರಾ? ನಾಳೆ ಕಡ್ಡಿಪೊರಕೆಯಿಂದ ಗುಡಿಸಿ. ಪಾಚಿ ಕಟ್ಟಿದಲ್ಲಿ ಮಾತ್ರ ಬಟ್ಟೆ ಒಗೆದ ನೀರು ಹಾಕಿ ಉಜ್ಜಿದರೆ ಸಾಕು.